ಹಿನ್ನೀರಿನ ದಂಡೆಯ ಹಸಿರು ಹುಲ್ಲು ಮತ್ತು ಲಿವರ್ ಹುಳು: ಎಮ್ಮೆ, ಕುರಿ ಸಾಕುವವರಿಗೆ ಒಂದು ಮಾರ್ಗದರ್ಶಿ

ಮೂರು ವರ್ಷದ ಹಿಂದಿನ ಮಾತು. ಬೀಳಗಿ ಕಡೆಯ ನಮ್ಮ ಮನೆಯಲ್ಲಿ ಎಮ್ಮೆಯೊಂದರ ಗದ್ದದ ಕೆಳಗೆ ಸಂಜೆಯಾದರೆ ಚೀಲದಂಥದ್ದು ಜೋತು ಬೀಳತೊಡಗಿತು. ಮುಟ್ಟಿದರೆ ಮೆತ್ತಗೆ, ತಣ್ಣಗೆ. ಬೆರಳಿಂದ ಒತ್ತಿದರೆ ಕುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ಇರುತ್ತಿತ್ತು. ಬೆಳಗ್ಗೆ ಎದ್ದು ನೋಡಿದರೆ ಮುಕ್ಕಾಲು ಇಳಿದಿರುತ್ತಿತ್ತು. ಹಾಗಾಗಿ ನಾವೂ ಅದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. "ಏನೋ ಹುಳ ಕಡದಿರಬೇಕು, ಸುಣ್ಣ ಹಚ್ಚರಿ" ಅಂದರು ಪಕ್ಕದ ಮನೆಯವರು. ಸುಣ್ಣ ಹಚ್ಚಿದೆವು. ಹಾಲು ಏಳು ಲೀಟರಿನಿಂದ ನಾಲ್ಕಕ್ಕೆ ಇಳಿದಾಗ ಔಷಧಿ ಅಂಗಡಿಗೆ ಓಡಿದೆ. ಅಲ್ಲಿ ಒಂದು ಇಂಜೆಕ್ಷನ್ ಕೊಟ್ಟರು. ಎಲ್ಲ ಹುಳಕ್ಕೂ ಇದೊಂದೇ ಸಾಕು ಎಂದರು. ಅದು ಐವರ್‌ಮೆಕ್ಟಿನ್. ಎರಡು ವಾರ ಕಾದೆ. ಚೀಲ ಇನ್ನೂ ದೊಡ್ಡದಾಯಿತು.

ಆಮೇಲೆ ಬಂದ ಪಶುವೈದ್ಯರು ಎಮ್ಮೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಿ ಮೇಯಾಕ್ ಬಿಡ್ತೀರಿ?"

"ಹಿನ್ನೀರಿನ ದಂಡಿಗ್ರಿ."

"ಹಂಗಾದ್ರ ಸೆಗಣಿ ತಗೊಂಡ ಬರ್ರಿ."

ಆ ಎರಡು ಮಾತಿನಲ್ಲೇ ಈ ರೋಗದ ಮುಕ್ಕಾಲು ಕಥೆ ಇತ್ತು. ಆಲಮಟ್ಟಿಯ ಹಿನ್ನೀರಿರಲಿ, ಹಿಡಕಲ್ ಆಣೆಕಟ್ಟಿನ ಕಾಲುವೆ ಇರಲಿ, ಇಂಡಿ ಕಡೆಯ ಭೀಮಾ ತೀರ ಇರಲಿ, ಖಾನಾಪುರದ ಭತ್ತದ ಗದ್ದೆ ಇರಲಿ, ಹುಳು ಬರುವುದು ನೀರಿನ ಅಂಚಿನಿಂದ. ನಾವು ಮಾತ್ರ ಅದನ್ನು ಔಷಧಿ ಬಾಟಲಿಯಲ್ಲಿ ಹುಡುಕುತ್ತೇವೆ.

ಮೊದಲು ಹುಳುವಿನ ದಾರಿ ಗೊತ್ತಿರಲಿ

ಸ್ವಲ್ಪ ತಾಳ್ಮೆಯಿಂದ ಓದಿ. ಇದು ಗೊತ್ತಿಲ್ಲದೆ ಮುಂದಿನದ್ದು ಯಾವುದೂ ಅರ್ಥವಾಗುವುದಿಲ್ಲ.

ಲಿವರ್ ಹುಳು, ಅಂದರೆ ಲಿವರ್ ಫ್ಲೂಕ್, ಎಲೆಯಂತೆ ಚಪ್ಪಟೆಯಾಗಿರುವ ಹುಳು. ನಮ್ಮ ಬಯಲು ಸೀಮೆಯಲ್ಲಿ ಕಾಣುವುದು ಹೆಚ್ಚಾಗಿ ಫ್ಯಾಸಿಯೋಲಾ ಜೈಗ್ಯಾಂಟಿಕಾ ಎಂಬ ಜಾತಿ. ಹೆಸರಿಗೆ ತಕ್ಕ ಹಾಗೆ ದೊಡ್ಡದು, ಏಳು ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಪಿತ್ತನಾಳದಲ್ಲಿ ಕೂತು ಮೊಟ್ಟೆ ಇಡುತ್ತದೆ. ಒಂದು ಹುಳು ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡಬಲ್ಲದು. ಅವು ಪಿತ್ತದ ಜೊತೆ ಕರುಳಿಗೆ, ಅಲ್ಲಿಂದ ಸೆಗಣಿಗೆ ಬರುತ್ತವೆ.

ಸೆಗಣಿ ಒಣ ಹೊಲದಲ್ಲಿ ಬಿದ್ದು ಒಣಗಿದರೆ ಮೊಟ್ಟೆಯ ಕಥೆ ಅಲ್ಲಿಗೇ ಮುಗಿಯಿತು. ನೀರಿಗೆ ಬಿದ್ದರೆ ಮಾತ್ರ ಎರಡು ಮೂರು ವಾರದಲ್ಲಿ ಮರಿ ಹೊರಬರುತ್ತದೆ. ಆ ಮರಿಗೆ ಇರುವುದು ಹೆಚ್ಚೆಂದರೆ ಒಂದು ದಿನದ ಆಯಸ್ಸು. ಅಷ್ಟರಲ್ಲಿ ಅದಕ್ಕೆ ಬಸವನಹುಳು ಸಿಗಬೇಕು. ಎಲ್ಲ ಬಸವನಹುಳುವೂ ನಡೆಯುವುದಿಲ್ಲ, ಲಿಮ್ನಿಯಾ ಗುಂಪಿನದ್ದೇ ಆಗಬೇಕು. ಸಿಕ್ಕರೆ ಅದರ ಹೊಟ್ಟೆಯೊಳಗೆ ಆರೇಳು ವಾರ ಅಥವಾ ಇನ್ನೂ ಜಾಸ್ತಿ ದಿನ ಇದ್ದು, ಒಂದಿದ್ದದ್ದು ನೂರಾರು ಆಗಿ, ಬಾಲವಿರುವ ಸಣ್ಣ ಮರಿಗಳಾಗಿ ನೀರಿಗೆ ಇಳಿಯುತ್ತವೆ. ಹುಲ್ಲಿನ ದಂಟಿಗೆ ಅಂಟಿ, ಬಾಲ ಕಳಚಿ, ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಸುಮ್ನೆ ಕೂರುತ್ತವೆ. ಕೆಲವು ನೀರಿನ ಮೇಲೂ ತೇಲುತ್ತವೆ. ಎಮ್ಮೆ ಆ ಹುಲ್ಲು ತಿಂದಾಗ, ಆ ನೀರು ಕುಡಿದಾಗ ಕವಚ ಒಡೆದು ಕರುಳು ಕೊರೆದು ಹೊಟ್ಟೆಯ ಪೊಳ್ಳಿಗೆ ಬಂದು, ಲಿವರ್ ಹೊಕ್ಕು, ಅದನ್ನೇ ತಿನ್ನುತ್ತ ಪಿತ್ತನಾಳ ಸೇರುತ್ತವೆ. ಅಲ್ಲಿ ಬೆಳೆದು ಮೊಟ್ಟೆ ಇಡಲು ಮತ್ತೆ ಮೂರರಿಂದ ನಾಲ್ಕು ತಿಂಗಳು ಬೇಕು.

ಈ ಸುತ್ತನ್ನು 1880ರ ದಶಕದ ಮೊದಲಲ್ಲಿ ಜರ್ಮನಿಯ ಲ್ಯೂಕಾರ್ಟ್, ಇಂಗ್ಲೆಂಡಿನ ಥಾಮಸ್ ಬೇರೆ ಬೇರೆಯಾಗಿ ಕಂಡುಹಿಡಿದರು. ಅವರು ನೋಡಿದ್ದು ಕುರಿಯ ಲಿವರ್‌ನಲ್ಲಿರುವ ಇದರ ದಾಯಾದಿ ಜಾತಿಯನ್ನು. ದಾರಿ ಎರಡರದ್ದೂ ಒಂದೇ.

ಈಗ ನಮ್ಮ ಕಡೆಯ ಬೇಸಿಗೆ ನೆನಪು ಮಾಡಿಕೊಳ್ಳಿ. ಜನವರಿ ದಾಟಿದರೆ ಮಡ್ಡಿ ಹೊಲವೆಲ್ಲ ಒಣಗಿ ಬಿರುಕು. ಹಿನ್ನೀರು ಹಿಂದೆ ಸರಿದಂತೆಲ್ಲ ಅಂಚಿನಲ್ಲಿ ಮಾತ್ರ ಎಳೆ ಹುಲ್ಲು ಏಳುತ್ತದೆ. ಊರ ದನ, ಎಮ್ಮೆ, ಬೇರೆ ಕಡೆಯಿಂದ ಬಂದ ಕುರಿ ಹಿಂಡು, ಎಲ್ಲವೂ ಅಲ್ಲಿಗೇ. ಮೇಯುವುದೂ ಅಲ್ಲೇ, ಸೆಗಣಿ ಹಾಕುವುದೂ ಅಲ್ಲೇ, ನೀರು ಕುಡಿಯುವುದೂ ಅಲ್ಲೇ. ಹುಳುವಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನಾವೇ ಕೂತು ಮಾಡಿಕೊಟ್ಟರೂ ಆಗುತ್ತಿರಲಿಲ್ಲ.

ಹೆಜ್ಜೆ 1: ಜಾನುವಾರನ್ನು ಮುಟ್ಟಿ ನೋಡಿ

ವಾರಕ್ಕೊಮ್ಮೆ, ಮೇದು ಬಂದ ಮೇಲೆ ಸಂಜೆ ನೋಡಿ. ಗದ್ದದ ಕೆಳಗಿನ ಬಾವು ದಿನವಿಡೀ ತಲೆ ತಗ್ಗಿಸಿ ಮೇದಾಗ ಜಾಸ್ತಿಯಾಗುತ್ತದೆ, ರಾತ್ರಿ ಇಳಿಯುತ್ತದೆ. ಬೆಳಗ್ಗೆ ಮಾತ್ರ ನೋಡುವವರಿಗೆ ಇದು ತಪ್ಪಿಹೋಗುತ್ತದೆ. ನನಗೆ ತಪ್ಪಿದ್ದೂ ಹಾಗೇ.

ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿಂದ ಮೆಲ್ಲಗೆ ಕೆಳಗೆ ಎಳೆಯಿರಿ. ಒಳಗಡೆ ಕೆಂಪಗಿರಬೇಕು. ತಿಳಿ ಗುಲಾಬಿಯಾಗಿದ್ದರೆ ಅನುಮಾನ, ಬಿಳಿಚಿದ್ದರೆ ರಕ್ತ ಕಡಿಮೆಯಾಗಿದೆ ಎಂದೇ ಅರ್ಥ. ಜೊತೆಗೆ ಕೂದಲು ಒರಟಾಗುವುದು, ತಿಂದರೂ ಸೊರಗುವುದು, ಹಾಲು ಇಳಿಯುವುದು, ಬೆದೆಗೆ ಬಾರದಿರುವುದು, ಆಗೊಮ್ಮೆ ಭೇದಿ ಈಗೊಮ್ಮೆ ಮಲಬದ್ಧತೆ. ಎಮ್ಮೆ ಆಕಳಲ್ಲಿ ಇದೆಲ್ಲ ನಿಧಾನವಾಗಿ, ತಿಂಗಳುಗಟ್ಟಲೆ ನಡೆಯುತ್ತದೆ.

ಕುರಿಯ ಕಥೆ ಬೇರೆ. ಒಂದೇ ಸಲಕ್ಕೆ ಬಹಳ ಮರಿಹುಳು ಹೊಟ್ಟೆ ಸೇರಿದರೆ ಅವು ಲಿವರ್ ಕೊರೆಯುವಾಗಲೇ ಕುರಿ ಸಾಯಬಹುದು. ನಿನ್ನೆ ಮೇಯುತ್ತಿದ್ದದ್ದು ಇವತ್ತು ಬಿದ್ದಿರುತ್ತದೆ. ಹೀಗೆ ಕೊರೆದ ಲಿವರ್‌ನಲ್ಲಿ ಒಂದು ಜಾತಿಯ ರೋಗಾಣು ಎದ್ದು ಬಂದು ಕೊಲ್ಲುವುದೂ ಉಂಟು. ಹಿಂಡಿನಲ್ಲಿ ಎರಡು ಮೂರು ಕುರಿ ಒಮ್ಮೆಲೇ ಸತ್ತರೆ ಹೂಳುವ ಮೊದಲು ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ. ಸತ್ತ ಕುರಿಯಿಂದ ಬದುಕಿರುವ ಹಿಂಡನ್ನು ಉಳಿಸಬಹುದು.

ಒಂದು ಎಚ್ಚರ. ಗದ್ದದ ಬಾವು, ಬಿಳಿಚಿದ ರೆಪ್ಪೆ ಲಿವರ್ ಹುಳುವಿಗೆ ಮಾತ್ರ ಸೇರಿದ್ದಲ್ಲ. ರಕ್ತ ಹೀರುವ ದುಂಡು ಹೊಟ್ಟೆಹುಳುವಿನಿಂದಲೂ ಕುರಿಯಲ್ಲಿ ಹೀಗೇ ಆಗುತ್ತದೆ. ಔಷಧಿ ಮಾತ್ರ ಪೂರ್ತಿ ಬೇರೆ. ಅದಕ್ಕೇ ಮುಂದಿನ ಹೆಜ್ಜೆ.

ಹೆಜ್ಜೆ 2: ಸೆಗಣಿ ಪರೀಕ್ಷೆ

ನೆಲಕ್ಕೆ ಬಿದ್ದು ಬಹಳ ಹೊತ್ತಾದ ಸೆಗಣಿ ಬೇಡ. ಆಗತಾನೆ ಹಾಕಿದ್ದರ ಮೇಲ್ಭಾಗದಿಂದ, ಮಣ್ಣು ತಾಗದಂತೆ, ಒಂದು ದೊಡ್ಡ ನಿಂಬೆಹಣ್ಣಿನಷ್ಟು ತೆಗೆದು ಒಣ ಡಬ್ಬಿಯಲ್ಲಿ ಹಾಕಿ. ಡಬ್ಬಿ ಮೇಲೆ ಯಾವ ಜಾನುವಾರು, ಯಾವ ದಿನ ಎಂದು ಬರೆಯಿರಿ. ಅವತ್ತೇ ಪಶು ಆಸ್ಪತ್ರೆಗೆ ಮುಟ್ಟಿಸಿ. ಐದಾರು ಜಾನುವಾರು ಇದ್ದರೆ ಎಲ್ಲದರದ್ದೂ ಬೇರೆ ಬೇರೆ ಡಬ್ಬಿ. ಆಸ್ಪತ್ರೆ ದೂರವಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ.

ನಮ್ಮ ಎಮ್ಮೆಯ ಸೆಗಣಿಯನ್ನು ಹೇಗೆ ನೋಡುತ್ತಾರೆಂದು ನಾನು ಪಕ್ಕದಲ್ಲೇ ನಿಂತು ನೋಡಿದೆ. ಸ್ವಲ್ಪ ಸೆಗಣಿಯನ್ನು ನೀರಲ್ಲಿ ಕದಡಿ, ಚಹಾ ಸೋಸುವ ಜಾಳಿಗೆಯಲ್ಲಿ ಸೋಸಿ, ಉದ್ದ ಗಾಜಿನ ಲೋಟದಲ್ಲಿ ಇಟ್ಟರು. ಕೆಲವು ನಿಮಿಷ ಬಿಟ್ಟು ಮೇಲಿನ ನೀರು ಚೆಲ್ಲಿ, ಮತ್ತೆ ಹೊಸ ನೀರು. ಹೀಗೆ ಮೂರ್ನಾಲ್ಕು ಸಲ, ನೀರು ತಿಳಿಯಾಗುವವರೆಗೆ. ಫ್ಲೂಕ್ ಮೊಟ್ಟೆ ಭಾರ, ಅದಕ್ಕೇ ತಳಕ್ಕೆ ಇಳಿಯುತ್ತದೆ. ಬೇರೆ ಹುಳುಗಳ ಮೊಟ್ಟೆ ಹುಡುಕುವಾಗ ಉಪ್ಪುನೀರಿನಲ್ಲಿ ತೇಲಿಸುತ್ತಾರೆ, ಆ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಹಾಗಾಗಿ "ಲಿವರ್ ಹುಳುವಿಗೂ ನೋಡ್ರಿ" ಎಂದು ಬಾಯಿಬಿಟ್ಟು ಹೇಳಿ. ತಳದ ಗಸಿಗೆ ಒಂದು ಹನಿ ನೀಲಿ ಬಣ್ಣ ಬೆರೆಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ನನಗೂ ತೋರಿಸಿದರು. ಸೆಗಣಿಯ ನಾರು ಎಲ್ಲ ನೀಲಿ. ಅದರ ನಡುವೆ ಬಂಗಾರದ ಬಣ್ಣದ, ಮೊಟ್ಟೆಯಾಕಾರದ ಒಂದು, ಎರಡು, ಮೂರು. ಪಿತ್ತದಲ್ಲಿ ನೆನೆದದ್ದರಿಂದ ಆ ಹಳದಿ. ಒಂದು ತುದಿಯಲ್ಲಿ ಸಣ್ಣ ಮುಚ್ಚಳ. ಇಂಥ ಚಂದದ್ದು ನಮ್ಮ ಎಮ್ಮೆಯನ್ನು ಒಣಗಿಸುತ್ತಿದೆಯಲ್ಲ ಅನ್ನಿಸಿತು.

ಮೊಟ್ಟೆ ಕಾಣಲಿಲ್ಲ ಎಂದರೆ ಹುಳು ಇಲ್ಲ ಎಂದಲ್ಲ. ಮರಿಹುಳು ಮೊಟ್ಟೆ ಇಡುವುದಿಲ್ಲ. ಬೆಳೆದ ಹುಳುವಿದ್ದರೂ ಪಿತ್ತ ಹರಿದಾಗ ಮಾತ್ರ ಮೊಟ್ಟೆ ಹೊರಬರುತ್ತದೆ. ಅನುಮಾನವಿದ್ದರೆ ಕೆಲವು ದಿನ ಬಿಟ್ಟು ಮತ್ತೆ ನೋಡಿಸಿ.

ಹೆಜ್ಜೆ 3: ತೂಕ ಅಳೆದು, ಸರಿಯಾದ ಔಷಧಿ

ಇಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ.

ಐವರ್‌ಮೆಕ್ಟಿನ್ ಫ್ಲೂಕ್ ಹುಳುವನ್ನು ಕೊಲ್ಲುವುದಿಲ್ಲ. ಉಣ್ಣೆ, ಹೇನು, ದುಂಡು ಹುಳುಗಳ ಮೇಲೆ ಅದು ಕೆಲಸ ಮಾಡುತ್ತದೆ, ಇದರ ಮೇಲೆ ಇಲ್ಲ. ಮಾಮೂಲಿ ಪ್ರಮಾಣದ ಫೆನ್‌ಬೆಂಡಜೋಲ್ ಕೂಡ ಅಷ್ಟೇ. "ಮೊನ್ನೆ ತಾನೇ ಜಂತಿನ ಔಷಧಿ ಹಾಕೇವಿ" ಎಂದು ನಿಶ್ಚಿಂತರಾಗಿರುವವರು ಒಮ್ಮೆ ಖಾಲಿ ಬಾಟಲಿಯ ಮೇಲಿನ ಹೆಸರು ಓದಿ ನೋಡಿ.

ಟ್ರೈಕ್ಲಾಬೆಂಡಜೋಲ್ ಎಂಬುದು ಎರಡು ವಾರದ ಮರಿಹುಳುವಿನಿಂದ ಹಿಡಿದು ಬೆಳೆದದ್ದರವರೆಗೆ ಎಲ್ಲವನ್ನೂ ಹಿಡಿಯುತ್ತದೆ. ಆಕ್ಸಿಕ್ಲೋಜಾನೈಡ್, ಆಲ್ಬೆಂಡಜೋಲ್ ಬೆಳೆದ ಹುಳುವಿಗೆ ಮಾತ್ರ. ಗಬ್ಬದ ಮೊದಲ ತಿಂಗಳುಗಳಲ್ಲಿ ಆಲ್ಬೆಂಡಜೋಲ್ ಕೊಡಬಾರದು, ಹೊಟ್ಟೆಯೊಳಗಿನ ಕರುವಿಗೆ ಊನ ಬರಬಹುದು. ಕ್ಲೋಸಾಂಟೆಲ್ ಪ್ರಮಾಣ ಮೀರಿದರೆ ಕುರಿ, ಆಡುಗಳ ಕಣ್ಣೇ ಹೋಗುತ್ತದೆ. ಯಾವುದು, ಎಷ್ಟು, ಹಾಲು ಎಷ್ಟು ದಿನ ಬಳಸಬಾರದು, ಇದನ್ನು ಪಶುವೈದ್ಯರೇ ಹೇಳಬೇಕು. ಹಾಲು ಕೊಡುವ ಎಮ್ಮೆ ಎಂದು ಮೊದಲೇ ತಿಳಿಸಿ.

ನಿಮ್ಮ ಕೈಲಿರುವ ಕೆಲಸ ತೂಕ. ಕಣ್ಣಳತೆ ಬೇಡ. ದರ್ಜಿಯ ಟೇಪ್ ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ. ಭುಜದ ಮುಂದಿನ ಮೂಳೆಯಿಂದ ಬಾಲದ ಬುಡದ ಪಕ್ಕದ ಮೂಳೆವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಬರುವುದು ಹೆಚ್ಚು ಕಡಿಮೆ ಕಿಲೋ ಲೆಕ್ಕ.

ನಮ್ಮ ಎಮ್ಮೆಯ ಸುತ್ತಳತೆ 72 ಇಂಚು, ಉದ್ದ 60. ಲೆಕ್ಕ ಹಾಕಿದರೆ 471 ಕಿಲೋ. ನಮ್ಮಪ್ಪ ನೋಡಿಯೇ "ಮೂರೂವರೆ ಕ್ವಿಂಟಲ್" ಅಂದಿದ್ದರು. ದನಗಳಿಗೆ ಟ್ರೈಕ್ಲಾಬೆಂಡಜೋಲ್ ಕಿಲೋಗೆ 12 ಮಿಲಿಗ್ರಾಂ. ಅಪ್ಪನ ಅಂದಾಜಿಗೆ ಕೊಟ್ಟಿದ್ದರೆ 4,200 ಮಿಲಿಗ್ರಾಂ. ಬೇಕಾದದ್ದು 5,650. ಕಾಲು ಭಾಗಕ್ಕೂ ಜಾಸ್ತಿ ಕಡಿಮೆ ಬೀಳುತ್ತಿತ್ತು. ಅರೆಬರೆ ಔಷಧಿಗೆ ಸಾಯದೆ ಉಳಿದ ಹುಳುವೇ ಮುಂದೆ ಆ ಔಷಧಿಗೆ ಜಗ್ಗದ ಸಂತಾನ ಹುಟ್ಟಿಸುತ್ತದೆ. ಜಗತ್ತಿನ ಬೇರೆ ಕಡೆ ಈ ಔಷಧಿಗೆ ಬಗ್ಗದ ಹುಳು ಆಗಲೇ ಬಂದಿವೆ.

ಕುರಿ ಹಿಂಡಿಗೆ ಕೊಡುವಾಗ ಎಲ್ಲಕ್ಕಿಂತ ದೊಡ್ಡದರ ತೂಕಕ್ಕೆ ಲೆಕ್ಕ ಹಾಕಿ ಎನ್ನುವ ಸಲಹೆ ಇದೆ. ಆದರೆ ಕ್ಲೋಸಾಂಟೆಲ್‌ನಂಥದ್ದಕ್ಕೆ ಅದು ಅಪಾಯ. ಸಣ್ಣವು, ದೊಡ್ಡವು ಎಂದು ಗುಂಪು ಮಾಡಿ ಕೊಡುವುದು ಒಳ್ಳೆಯದು. ಔಷಧಿ ಕುಡಿಸುವಾಗ ತಲೆಯನ್ನು ಆಕಾಶಕ್ಕೆ ಎತ್ತಬೇಡಿ, ಶ್ವಾಸಕೋಶಕ್ಕೆ ಹೋದರೆ ಹುಳುವಿಗಿಂತ ಮೊದಲು ಕುರಿಯೇ ಹೋಗುತ್ತದೆ.

ಹೆಜ್ಜೆ 4: ಯಾವಾಗ ಕೊಡುವುದು

ತಾರೀಖು ನೆನಪಿರುವುದಿಲ್ಲ, ಹಬ್ಬ ನೆನಪಿರುತ್ತದೆ. ನಾನು ಎರಡು ಹಬ್ಬ ಹಿಡಿದಿದ್ದೇನೆ.

ಒಂದು, ಕಾರಹುಣ್ಣಿಮೆಗೆ ಮೊದಲು. ಬೇಸಿಗೆಯಲ್ಲಿ ನೀರಿನ ಅಂಚಿಗೆ ಮೇದು ಹತ್ತಿಸಿಕೊಂಡ ಹುಳು ಆ ಹೊತ್ತಿಗೆ ಬೆಳೆದಿರುತ್ತದೆ ಅಥವಾ ಬೆಳೆಯುತ್ತಿರುತ್ತದೆ. ಮಳೆ ಜೋರಾಗಿ, ಹೊಂಡ ತುಂಬಿ, ಬಸವನಹುಳು ಮರಿ ಹಾಕುವ ಮೊದಲೇ ಸೆಗಣಿಯ ಮೊಟ್ಟೆ ನಿಲ್ಲಿಸಿದರೆ ಆ ಮಳೆಗಾಲದ ಸುತ್ತು ಮುರಿಯುತ್ತದೆ. ಎರಡನೆಯದು ಎಳ್ಳಮಾವಾಸ್ಯೆ ಹೊತ್ತಿಗೆ. ಮಳೆಗಾಲದ ಕೊನೆಯಲ್ಲಿ ಹೊಟ್ಟೆ ಸೇರಿದವು ಆಗ ಮೊಟ್ಟೆ ಇಡಲು ಶುರು ಮಾಡಿರುತ್ತವೆ. ಹೊಲಕ್ಕೆ ಚರಗ ಚೆಲ್ಲಿ ಬಂದ ವಾರದಲ್ಲೇ ನಮ್ಮಲ್ಲಿ ಎಮ್ಮೆಗಳ ಪಾಳಿ.

ಇದು ಹಿನ್ನೀರು, ಕಾಲುವೆ ಪಕ್ಕದವರ ಲೆಕ್ಕ. ಖಾನಾಪುರದಂಥ ಜೋರು ಮಳೆಯ ಕಡೆ ಮಧ್ಯದಲ್ಲಿ ಇನ್ನೊಂದು ಬೇಕಾಗಬಹುದು. ಕಾಲುವೆ ಇಲ್ಲದ ಒಣ ಬೇಸಾಯದ ಕಡೆ, ಬಾವಿ ನೀರು, ಜೋಳದ ಕಣಿಕೆಯಲ್ಲೇ ಸಾಕುವವರಿಗೆ ಬೇಕಾಗಲಿಕ್ಕೂ ಇಲ್ಲ. ಸೆಗಣಿ ನೋಡಿಸಿ ತೀರ್ಮಾನಿಸಿ. ಸುಮ್ನೆ ಔಷಧಿ ಸುರಿಯುವುದೂ ತಪ್ಪೇ.

ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಿಂದಲೋ, ಬೇರೆ ಸಂತೆಯಿಂದಲೋ ಹೊಸ ಜಾನುವಾರು ತಂದರೆ ಪರೀಕ್ಷೆ ಆಗುವವರೆಗೆ ಪ್ರತ್ಯೇಕ ಕಟ್ಟಿ. ನೀರಿನ ಕಡೆ ಬಿಡಬೇಡಿ. ಹಲ್ಲು ಎಣಿಸಿ, ಸುಳಿ ನೋಡಿ ಸಾವಿರಾರು ರೂಪಾಯಿ ಕೊಡುತ್ತೇವೆ, ಸೆಗಣಿ ಮಾತ್ರ ಯಾರೂ ನೋಡುವುದಿಲ್ಲ.

ಹೆಜ್ಜೆ 5: ಬಸವನಹುಳು ಹುಡುಕಿ

ಔಷಧಿ ಕೊಟ್ಟು ಮತ್ತೆ ಅದೇ ದಂಡೆಗೆ ಬಿಟ್ಟರೆ ಆರು ತಿಂಗಳಿಗೆ ಮತ್ತೆ ಅದೇ ಚೀಲ. ಹಾಗಾಗಿ ಒಂದು ಬೆಳಗ್ಗೆ ಜರಡಿ ಹಿಡಿದು ನಿಮ್ಮ ಜಾನುವಾರು ನೀರು ಕುಡಿಯುವ ಜಾಗಕ್ಕೆ ಹೋಗಿ. ಕಾಲಿಗೆ ಗಮ್ ಬೂಟು, ಕೈಗೆ ಪ್ಲಾಸ್ಟಿಕ್ ಚೀಲ ಇರಲಿ. ಕಾರಣ ಮುಂದೆ ಹೇಳುತ್ತೇನೆ.

ಹರಿಯುವ ನೀರಲ್ಲಿ ಹುಡುಕಬೇಡಿ. ಕಾಲುವೆ ಸೋರಿ ನಿಂತ ಗುಂಡಿ, ಕಬ್ಬಿನ ಗದ್ದೆಯ ಬಸಿಗಾಲುವೆ, ನೀರಿನ ಟಾಕಿಯ ಕೆಳಗಿನ ರಾಡಿ, ಅಂತರಗಂಗೆಯ ಬೇರು, ಕೊಳೆತ ಎಲೆಯ ಕೆಳಭಾಗ, ಅಲ್ಲಿರುತ್ತವೆ. ಎರಡು ಜಾತಿ ಗುರುತಿಟ್ಟುಕೊಳ್ಳಿ. ಒಂದು ತೆಳು ಕಂದು ಚಿಪ್ಪಿನ, ಚೂಪು ತುದಿಯದ್ದು. ತುದಿ ಮೇಲೆ ಮಾಡಿ ಬಾಯಿ ನಿಮ್ಮ ಕಡೆ ತಿರುಗಿಸಿದರೆ ಬಾಯಿ ಬಲಗಡೆ ಇರುತ್ತದೆ, ಅಗಲವಾಗಿ ಕಿವಿಯಂತೆ. ಅದು ಲಿಮ್ನಿಯಾ, ಲಿವರ್ ಹುಳುವಿನ ಮನೆ. ಬಾಯಿ ಎಡಗಡೆ ಇದ್ದರೆ ಬೇರೆ ಜಾತಿ, ಅದಕ್ಕೂ ಲಿವರ್ ಹುಳುವಿಗೂ ಸಂಬಂಧವಿಲ್ಲ. ಇನ್ನೊಂದು ಜಿಲೇಬಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡಿರುತ್ತದೆ. ಅದು ಇಂಡೋಪ್ಲಾನಾರ್ಬಿಸ್. ಅದರ ಉಪದ್ರವ ಬೇರೆ, ಅದಕ್ಕೂ ಬರುತ್ತೇನೆ.

ಬಸವನಹುಳುವನ್ನು ವಿಷ ಹಾಕಿ ಕೊಲ್ಲಲು ಹೋಗಬೇಡಿ. ಮೈಲುತುತ್ತ ಹಾಕುವವರಿದ್ದಾರೆ. ಮೀನು ಸಾಯುತ್ತವೆ, ಕುರಿಗೆ ತಾಮ್ರ ವಿಷವಾಗುತ್ತದೆ, ಮುಂದಿನ ಮಳೆಗೆ ಬಸವನಹುಳು ಮತ್ತೆ ಹಾಜರು. ಅದರ ಬದಲು ನೀರು ನಿಲ್ಲದಂತೆ ಮಾಡಿ. ಸೋರುವ ಪೈಪು ಸರಿ ಮಾಡುವುದು, ಗುಂಡಿಗೆ ಗರಸು ಹಾಕುವುದು, ಬಸಿಗಾಲುವೆಯ ಕಳೆ ಕೀಳುವುದು. ಬಾತುಕೋಳಿ ಸಾಕುವವರಿದ್ದರೆ ಅವು ಬಸವನಹುಳುವನ್ನು ಆರಿಸಿ ತಿನ್ನುತ್ತವೆ.

ಹೆಜ್ಜೆ 6: ಬಾಯಿ ಮತ್ತು ನೀರಿನ ಅಂಚನ್ನು ದೂರ ಮಾಡಿ

ಎಲ್ಲಕ್ಕಿಂತ ಅಗ್ಗದ ಮದ್ದು ಸಿಮೆಂಟಿನ ದೋಣಿ. ಬೋರ್‌ವೆಲ್ ನೀರು ಅದಕ್ಕೆ ತುಂಬಿಸಿ, ಜಾನುವಾರು ಅಲ್ಲೇ ಕುಡಿಯುವಂತೆ ಮಾಡಿ. ಸುತ್ತ ಎರಡು ಬುಟ್ಟಿ ಜಲ್ಲಿ ಹಾಕಿದರೆ ರಾಡಿ ಆಗುವುದಿಲ್ಲ. ಎಮ್ಮೆ ನೀರಿಗೆ ಬೀಳದೆ ಇರುವುದಿಲ್ಲ ಎನ್ನುತ್ತೀರಿ, ಗೊತ್ತು. ನಮ್ಮದೂ ಕೇಳುವುದಿಲ್ಲ. ಹಟ್ಟಿಯಲ್ಲೇ ಪೈಪಿನಿಂದ ಎರಡು ಹೊತ್ತು ಮೈಗೆ ನೀರು ಹೊಡೆಯುತ್ತೇವೆ. ಸ್ವಲ್ಪ ಸಿಟ್ಟು ಮಾಡಿಕೊಂಡೇ ನಿಲ್ಲುತ್ತದೆ.

ದಂಡೆಯ ಹುಲ್ಲು ಬೇಕೇ ಬೇಕು ಎಂದರೆ ನೀರಿನಿಂದ ದೂರದ್ದನ್ನು ಮೇಯಿಸಿ, ಅಂಚಿನದ್ದನ್ನು ಬಿಡಿ. ಕೊಯ್ದು ತರುವವರು ನೀರಲ್ಲಿ ಮುಳುಗಿದ ಬುಡ ಬಿಟ್ಟು ಮೇಲಿನದ್ದನ್ನು ಕೊಯ್ಯಿರಿ. ಕವಚ ಕಟ್ಟಿದ ಮರಿ ಕೂರುವುದು ಬುಡದ ಕಡೆಯೇ. ಕೊಯ್ದದ್ದನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದರೆ ಮರಿ ಸಾಯುತ್ತವೆ, ಅರೆ ಹಸಿಯಾಗಿಯೇ ಬಣವೆ ಒಟ್ಟಿದರೆ ವಾರಗಟ್ಟಲೆ ಬದುಕಿರುತ್ತವೆ. ಭತ್ತದ ಹುಲ್ಲಿಗೂ ಇದೇ ಮಾತು. ಸೆಗಣಿಯನ್ನು ಹಸಿಯಾಗಿ ಗದ್ದೆಗೆ ಒಯ್ಯಬೇಡಿ. ತಿಪ್ಪೆ ಚೆನ್ನಾಗಿ ಕಾದರೆ ಅದರ ಬಿಸಿಗೆ ಮೊಟ್ಟೆ ಉಳಿಯುವುದಿಲ್ಲ. ನೀರಾವರಿ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವವರು ಬಸಿಗಾಲುವೆಯಿಂದ ದೂರ ನಿಲ್ಲಿಸಲಿ.

ಹೊಟ್ಟೆಯ ದಾಳಿಂಬೆ ಕಾಳು, ಮೂಗಿನ ಗೊರಕೆ

ಜಿಲೇಬಿ ಚಿಪ್ಪಿನ ಬಸವನಹುಳು ಎಂದೆನಲ್ಲ, ಅದರಿಂದ ಎರಡು ಬೇರೆ ರೋಗ ಬರುತ್ತವೆ.

ಕುರಿ, ಎಮ್ಮೆ ಕೊಯ್ದಾಗ ದೊಡ್ಡ ಹೊಟ್ಟೆಯ ಒಳಗೋಡೆಗೆ ದಾಳಿಂಬೆ ಕಾಳು ಅಂಟಿಸಿದ ಹಾಗೆ ಗುಲಾಬಿ ಬಣ್ಣದ ಹುಳು ಕಾಣುತ್ತವೆ. ಅವು ಆಂಫಿಸ್ಟೋಮ್. ಬೆಳೆದವು ಅಷ್ಟು ತೊಂದರೆ ಕೊಡುವುದಿಲ್ಲ. ಆದರೆ ಅವುಗಳ ಮರಿ ಸಣ್ಣ ಕರುಳಲ್ಲಿ ಇರುವಾಗ ಕೆಟ್ಟ ವಾಸನೆಯ ಭೇದಿ ಹಿಡಿಯುತ್ತದೆ, ಹಿಂದಿನಿಂದ ಪಿಚಕಾರಿಯಂತೆ ಹಾರುತ್ತದೆ. ಹೋರಿ ಕರು, ಕುರಿಮರಿ ಒಂದೆರಡು ವಾರದಲ್ಲೇ ಸಾಯಬಹುದು. ಆ ಹೊತ್ತಿಗೆ ಸೆಗಣಿಯಲ್ಲಿ ಮೊಟ್ಟೆ ಇರುವುದೇ ಇಲ್ಲ. ಮಳೆಗಾಲ ಮುಗಿಯುವಾಗ ಇಂಥ ಭೇದಿ ಕಂಡರೆ ಪಶುವೈದ್ಯರಿಗೆ ನೀರಿನ ಅಂಚಿನ ಮೇವಿನ ವಿಷಯ ಹೇಳಿ. ಇದಕ್ಕೆ ಆಕ್ಸಿಕ್ಲೋಜಾನೈಡನ್ನು ಕೆಲವು ದಿನದ ಅಂತರದಲ್ಲಿ ಎರಡು ಸಲ ಕೊಡುವುದುಂಟು.

ಇನ್ನೊಂದು ಗೊರಕೆ ರೋಗ. ಎತ್ತು ನಿಂತಲ್ಲೇ ಗೊರ ಗೊರ ಎನ್ನುತ್ತದೆ, ಮೂಗಿನಿಂದ ರಕ್ತ ಬೆರೆತ ಲೋಳೆ. ಒಳಗೆ ಹೂಕೋಸಿನಂತೆ ಗಡ್ಡೆ ಬೆಳೆದಿರುತ್ತದೆ. ಇದನ್ನು ಮಾಡುವ ಶಿಸ್ಟೋಸೋಮಾ ನೇಸೇಲ್ ಎಂಬ ಹುಳುವಿಗೆ 1933ರಲ್ಲಿ ಹೆಸರಿಟ್ಟವರು ರಾವ್ ಎಂಬ ನಮ್ಮ ದೇಶದವರೇ. ಇದು ಮೂಗಿನ ರಕ್ತನಾಳದಲ್ಲಿರುತ್ತದೆ, ಮೊಟ್ಟೆ ಬಾಗಿದ ಬೂಮರಾಂಗಿನಂತೆ. ಹುಲ್ಲಿನಿಂದ ಬರುವುದಿಲ್ಲ. ನಿಂತ ನೀರಿಗೆ ಇಳಿದ ಎತ್ತಿನ ಚರ್ಮ ತೂರಿಯೇ ಒಳಗೆ ಹೋಗುತ್ತದೆ. ಖಿಲಾರಿ ಎತ್ತು ಗೊರಕೆ ಹೊಡೆದರೆ ಶೀತ ಎಂದು ಮೂಗಿಗೆ ಎಣ್ಣೆ ಬಿಡುತ್ತ ಕೂರಬೇಡಿ, ಲೋಳೆ ಪರೀಕ್ಷೆ ಮಾಡಿಸಿ. ಔಷಧಿ ಇದೆ.

ಮನೆಮಂದಿಗೆ

ಇಲ್ಲಿ ಎರಡು ತಪ್ಪು ತಿಳಿವಳಿಕೆ ಇದೆ. ಒಂದು, ಹುಳು ಇರುವ ಎಮ್ಮೆಯ ಹಾಲು ಕುಡಿದರೆ ಬರುತ್ತದೆ ಎಂಬುದು. ಬರುವುದಿಲ್ಲ. ಎರಡು, ಹುಳು ಇದ್ದ ಲಿವರ್ ತಿಂದರೆ ಬರುತ್ತದೆ ಎಂಬುದು. ಬೇಯಿಸಿದ್ದರಿಂದ ಬರುವುದಿಲ್ಲ. ಆದರೂ ನಾಳಗಳು ಸುಣ್ಣ ಕಟ್ಟಿ ಕೊಳವೆಯಂತೆ ಗಟ್ಟಿಯಾದ ಲಿವರ್ ಯಾರು ತಿನ್ನುತ್ತಾರೆ? ಅದನ್ನು ನಾಯಿಗೂ ಎಸೆಯಬೇಡಿ, ಹೂತುಬಿಡಿ. ಅದೇ ಲಿವರ್‌ನಲ್ಲಿ ನೀರು ತುಂಬಿದ ಗುಳ್ಳೆಗಳಿದ್ದರೆ ಅದು ಬೇರೆ ಹುಳು. ನಾಯಿ ತಿಂದರೆ ಅದರಿಂದ ಮನುಷ್ಯರಿಗೆ ತಗಲುತ್ತದೆ, ಇನ್ನೂ ಕೆಟ್ಟದ್ದು.

ಮನುಷ್ಯರಿಗೆ ಲಿವರ್ ಹುಳು ಬರುವ ದಾರಿ ಎಮ್ಮೆಗೆ ಬರುವ ದಾರಿಯೇ: ಹಸಿ ಸೊಪ್ಪು ಮತ್ತು ಕುದಿಸದ ನೀರು. ನಾವು ರೊಟ್ಟಿ ಜೊತೆ ಹಸಿ ಸೊಪ್ಪು ತಿನ್ನುವ ಜನ. ಮಡ್ಡಿ ಹೊಲದ ಹಕ್ಕರಕಿಗೆ ಹೆದರಬೇಕಿಲ್ಲ, ಅಲ್ಲಿ ನೀರೂ ಇಲ್ಲ, ಬಸವನಹುಳುವೂ ಇಲ್ಲ. ಕಾಲುವೆ ಅಂಚಿನಲ್ಲಿ ಕಿತ್ತದ್ದು, ಸಂತೆಗೆ ತರುವ ಮೊದಲು ಕಾಲುವೆ ನೀರಲ್ಲಿ ಅದ್ದಿ ತಂದದ್ದು, ಅದರ ಮೇಲೆ ಕಣ್ಣಿರಲಿ. ಕವಚ ಗಟ್ಟಿಯಾಗಿ ಅಂಟಿರುವುದರಿಂದ ತೊಳೆದ ಮಾತ್ರಕ್ಕೆ ಹೋಗುವುದಿಲ್ಲ. ಅಂಥ ಸೊಪ್ಪನ್ನು ಪಲ್ಯ ಮಾಡಿ. ಹೊಲದಲ್ಲಿ ದಾಹವಾದರೆ ಬಸಿಗಾಲುವೆಗೆ ಬೊಗಸೆ ಒಡ್ಡಬೇಡಿ.

ಖಾನಾಪುರದ ಹಳ್ಳಗಳಲ್ಲಿ ಏಡಿ ಹಿಡಿಯುವವರಿಗೆ ಒಂದು ಮಾತು. ಈಶಾನ್ಯ ರಾಜ್ಯಗಳಲ್ಲಿ ಹಸಿ ಅಥವಾ ಅರೆಬೆಂದ ಏಡಿ ತಿಂದು ಶ್ವಾಸಕೋಶದ ಫ್ಲೂಕ್ ಹತ್ತಿಸಿಕೊಂಡವರಿದ್ದಾರೆ. ರಕ್ತ ಕೆಮ್ಮುವುದರಿಂದ ಅದನ್ನು ಟಿಬಿ ಎಂದು ತಪ್ಪು ತಿಳಿಯುವುದುಂಟು. ಏಡಿ ಪೂರ್ತಿ ಬೇಯಲಿ.

ಈಗ ಗಮ್ ಬೂಟಿನ ಕಾರಣ. ಎತ್ತಿನ ಚರ್ಮ ತೂರುವ ಮರಿಗಳು ನಮ್ಮ ಚರ್ಮವನ್ನೂ ತೂರಲು ನೋಡುತ್ತವೆ. ಒಳಗೆ ಹೋಗಿ ಸಾಯುತ್ತವೆ, ಮುಂದೆ ರೋಗವಾಗುವುದಿಲ್ಲ. ಆದರೆ ಗದ್ದೆ, ಕೆರೆಗೆ ಇಳಿದು ಬಂದ ಮೇಲೆ ಕಾಲೆಲ್ಲ ಕೆಂಪು ಗುಳ್ಳೆ, ತಡೆಯಲಾರದ ತುರಿಕೆ. ನೀರಿನಿಂದ ಎದ್ದ ಕೂಡಲೇ ಒರಟು ಟವೆಲಿನಿಂದ ಗಟ್ಟಿಯಾಗಿ ಒರೆಸಿಕೊಳ್ಳಿ, ಮೈಮೇಲೇ ನೀರು ಆರಲು ಬಿಡಬೇಡಿ. ತುರಿಕೆಗೆ ಕ್ಯಾಲಮಿನ್ ಸಾಕು, ಕೆರೆದು ಹುಣ್ಣು ಮಾಡಿಕೊಳ್ಳಬೇಡಿ. ಮನುಷ್ಯರ ರಕ್ತದಲ್ಲೇ ಬೆಳೆಯುವ ಶಿಸ್ಟೋಸೋಮಾ ಆಫ್ರಿಕಾದಲ್ಲಿ ದೊಡ್ಡ ಕಾಯಿಲೆ. ನಮ್ಮ ಪಕ್ಕದ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ 1952ರಲ್ಲಿ ಅದು ಕಂಡುಬಂದು ಸುದ್ದಿಯಾಗಿತ್ತು. ಮೂತ್ರದಲ್ಲಿ ರಕ್ತ ಬಂದರೆ ಯಾವ ಕಾರಣಕ್ಕೇ ಇರಲಿ, ಡಾಕ್ಟರ ಹತ್ತಿರ ಹೋಗಿ.

ಲಿವರ್ ಹುಳು ಹತ್ತಿದ ಮನುಷ್ಯರಿಗೆ ಬಿಟ್ಟು ಬಿಟ್ಟು ಜ್ವರ, ಬಲ ಪಕ್ಕೆಲುಬಿನ ಕೆಳಗೆ ನೋವು, ಹಸಿವಿಲ್ಲದಿರುವುದು, ಕೆಲವೊಮ್ಮೆ ಕಾಮಾಲೆ. ರಕ್ತ ಪರೀಕ್ಷೆಯಲ್ಲಿ ಇಯೊಸಿನೊಫಿಲ್ ಎಂಬ ಕಣಗಳು ಬಹಳ ಏರಿರುತ್ತವೆ. ನಮ್ಮ ಕಡೆ ಅಪರೂಪ. ಅಪರೂಪವಾದ್ದರಿಂದಲೇ ಡಾಕ್ಟರಿಗೂ ತಟ್ಟನೆ ಹೊಳೆಯುವುದಿಲ್ಲ. ಹೋದಾಗ ನೀವಾಗಿಯೇ ಹೇಳಿ: ಮನೆಯಲ್ಲಿ ಎಮ್ಮೆ ಇವೆ, ಅವಕ್ಕೆ ಲಿವರ್ ಹುಳು ಆಗಿತ್ತು, ಕಾಲುವೆ ದಂಡೆಯ ಸೊಪ್ಪು ಹಸಿಯಾಗಿ ತಿಂದಿದ್ದೇವೆ ಎಂದು. ಬೇರೆ ಫ್ಲೂಕ್‌ಗಳಿಗೆ ಕೊಡುವ ಪ್ರಾಜಿಕ್ವಾಂಟೆಲ್ ಈ ಹುಳುವಿಗೆ ಹತ್ತುವುದಿಲ್ಲ, ಟ್ರೈಕ್ಲಾಬೆಂಡಜೋಲೇ ಬೇಕು. ಹೆಸರು ಒಂದೇ ಎಂದು ಎಮ್ಮೆಗೆ ತಂದ ಗುಳಿಗೆಯನ್ನು ಮುರಿದು ನುಂಗಬೇಡಿ. ನಗಬೇಡಿ, ಹಾಗೆ ಕೇಳಿದವರು ನಮ್ಮ ಊರಲ್ಲೇ ಒಬ್ಬರಿದ್ದರು.